ಬೇಲಿಯಾಚೆಯ ಮೂಗು

ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯುವ ಸದ್ದು ಕೇಳಿದ್ದೇ ತಡ, ನೀತಾ ಕೈಯಲ್ಲಿದ್ದ ಬಾಂಗಡೆ ಮೀನನ್ನು ಚಾಪೆಯ ಮೇಲೆ ಬಿಟ್ಟು ಅಂಗಳದಿಂದ ಒಳಗೆ ಓಡಿದಳು. ಅತ್ತೆ ಮಾದೇವಿ ಮೊಮ್ಮಗ ರೋಹಿತನನ್ನು ಪಕ್ಕದಲ್ಲಿ ಮಲಗಿಸಿಕೊಂಡು, ತೇಯ್ದದ್ದನ್ನು ಬೆರಳಿಗೆ ಬಳಿದುಕೊಳ್ಳುತ್ತಿದ್ದಳು.

"ಬೇಡ ಅತ್ತೆ! ಭೇದಿ ಕಟ್ಟೋ ಮದ್ದು ಎಂತದೂ ಹಾಕ್ಬೇಡಿ ಅಂದಾರೆ ಡಾಕ್ಟ್ರು."

"ಹಲ್ಲು ಬತ್ತಾ ಅದೆ, ಅದ್ಕೇ ಭೇದಿ. ನಿನ್ನ ಗಂಡಂಗೂ ಇದ್ನೇ ನೆಕ್ಸಿ ಬೆಳೆಸ್ದೆ. ಅವ ಈಗ ದೋಣಿ ಮೇಲೆ ಗಟ್ಟಿಯಾಗಿ ನಿಂತಾನಲ್ಲ?"

ಕರುಳಿನ ಕೊನೆಯ ತುಂಡಿಗೆ ನರಗಳೇ ಇಲ್ಲದೆ ಹುಟ್ಟಿದ ಮಗು ಅದು. ಮಂಗಳೂರಿನಲ್ಲಿ ಆ ತುಂಡನ್ನು ಕತ್ತರಿಸಿ ತೆಗೆದು, ಒಳ್ಳೆಯ ಕರುಳನ್ನು ಕೆಳಗೆಳೆದು ಹೊಲಿದಿದ್ದರು. ಮನೆಗೆ ಕಳಿಸುವಾಗ ಡಾಕ್ಟರು ನೀತಾಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು: ಆಪರೇಷನ್ ಆದ ಮೇಲೂ ಇಂಥ ಮಕ್ಕಳ ಕರುಳಿಗೆ ಉರಿಯೂತ ಬರುವುದುಂಟು. ಹೊಟ್ಟೆ ಉಬ್ಬೀತು, ಮೈ ಬಿಸಿಯಾದೀತು, ನೀರಿನಂತೆ ಭೇದಿಯಾದೀತು, ಆ ಭೇದಿಗೆ ಎಂದೂ ಇಲ್ಲದ ಕೆಟ್ಟ ನಾತ ಬಂದೀತು. ಆಗ ಮನೆಮದ್ದು ಮಾಡುತ್ತಾ ಕೂತರೆ ಮಗು ಕೈಗೆ ಸಿಗುವುದಿಲ್ಲ.

ಹೊಟ್ಟೆ ಅದರದ್ದು ಯಾವಾಗಲೂ ತುಸು ಉಬ್ಬಿಯೇ ಇರುತ್ತಿತ್ತು. ಮೈ ಬೆಚ್ಚಗಿತ್ತು, ಆದರೆ ಏಪ್ರಿಲ್ ತಿಂಗಳ ಸೆಕೆಯಲ್ಲಿ ಕಡಲತಡಿಯ ಅವರ್ಸಾ ಊರಿನಲ್ಲಿ ಯಾರ ಮೈ ಬೆಚ್ಚಗಿರುವುದಿಲ್ಲ? ಹಿಂದೊಮ್ಮೆ ಹೀಗೇ ಹೆದರಿ ಕಾರವಾರಕ್ಕೆ ಹೊತ್ತುಕೊಂಡು ಹೋಗಿ, "ಸಾದಾ ಭೇದಿ" ಅನ್ನಿಸಿಕೊಂಡು ಬಂದಾಗ ಕೇರಿಯೆಲ್ಲ ನಕ್ಕಿತ್ತು. ಇನ್ನು ಉಳಿದದ್ದು ವಾಸನೆಯೊಂದೇ. ನೀತಾ ಮಗುವಿನ ಅಡಿಯ ಬಟ್ಟೆಯನ್ನು ತೆಗೆದು ಮೂಗಿಗೆ ಹಿಡಿದಳು. ಬಾಂಗಡೆ. ಉಸಿರು ಬಿಟ್ಟು ಇನ್ನೊಮ್ಮೆ ಮೂಸಿದಳು. ಬಾಂಗಡೆಯೇ. ಮೀನು ಒಣಗಿಸುವ ಕಾಲ. ಅಂಗಳ, ಮಾಡು, ಅವಳ ತಲೆಗೂದಲು ಎಲ್ಲವೂ ಅದೇ ನಾರುತ್ತಿತ್ತು. ಅವಳಿಗೆ ಅಳು ಬಂತು.

"ನೀವಾದ್ರೂ ಮೂಸಿ ಅತ್ತೆ."

"ನನ್ನ ಮೂಗಿಗೆ ಮೀನು ಬಿಟ್ರೆ ಬೇರೆ ಎಂತಾ ತಿಳೀತದೆ?" ಎಂದಳು ಮಾದೇವಿ.

ಊರಿನಲ್ಲಿ ಮೂಗು ಅಂತ ಒಂದಿದ್ದರೆ ಅದು ಬೇಲಿಯಾಚೆಯ ದಮಯಂತಿಯದ್ದು. ಗಂಡ ಕಚೇರಿಯ ಗುಮಾಸ್ತ, ಹೆಂಡತಿ ಕೇರಿಯ ಮೂಗು. ತಟ್ಟೆಯಲ್ಲಿ ಬಂದ ಬಾಂಗಡೆಯನ್ನು ಮುಳ್ಳು ಸಮೇತ ಚೀಪುವವಳು, ಅದೇ ಬಾಂಗಡೆ ಚಾಪೆಯ ಮೇಲೆ ಒಣಗಿದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದಳು. ಪಂಚಾಯ್ತಿಯವರ ಕಿವಿಗೂ ಈ ದೂರು ಹಾಕಿದ್ದಳು. ಹೋಳಿ ಹಬ್ಬದಿಂದೀಚೆ ಎರಡು ಮನೆಗೂ ಮಾತಿಲ್ಲ.

ನೀತಾ ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ಬಟ್ಟೆಯನ್ನೂ ಎತ್ತಿಕೊಂಡಾಗ ಮಾದೇವಿಗೆ ತಿಳಿದುಹೋಯಿತು.

"ನಮ್ಮ ಮೀನಿಗೇ ಮೂಗು ಮುಚ್ಚೋಳ ಮುಂದೆ ಮಗೂನ ಹೇಲು ಹಿಡ್ಕಂಡು ನಿಲ್ತೆ? ಮರ್ಯಾದಿ ಅದೆಯೆ ನಿಂಗೆ?"

ಇತ್ತು, ಬೇಕಾದಷ್ಟಿತ್ತು. ಬೇಲಿಯವರೆಗೆ ನಡೆಯುವಷ್ಟರಲ್ಲಿ ಅವಳ ಮುಖವೆಲ್ಲ ಉರಿಯಿತು.

ಬಟ್ಟೆ ಹರವುತ್ತಿದ್ದ ದಮಯಂತಿ ಇವಳನ್ನು ಕಂಡವಳೇ ರೂಢಿಯಂತೆ ಸೆರಗನ್ನು ಮೂಗಿಗೆ ಒಯ್ದಳು.

"ದಮಯಂತಕ್ಕ, ಇದ್ನ ಒಂದ್ಸಲ ಮೂಸಿ."

"ಎಂತದು? ನನ್ನ ಆಡ್ಕೊಳ್ಳೂಕೆ ಬಂದ್ಯಾ?"

"ಅಲ್ಲ ಅಕ್ಕ. ರೋಹಿತನ ಬಟ್ಟೆ. ಕೆಟ್ಟ ನಾತ ಬಂದ್ರೆ ಜೀವಕ್ಕೇ ಅಪಾಯ ಅಂದಾರೆ ಡಾಕ್ಟ್ರು. ನನ್ನ ಮೂಗಲ್ಲಿ ಮೀನೇ ಕೂತದೆ, ಬೇರೆ ಎಂತದೂ ತಿಳೀತಿಲ್ಲ. ನಿಮ್ಗೆ ತಿಳೀತದೆ."

ದಮಯಂತಿ ಮಗುವನ್ನು ನೋಡಿದಳು. ತಾಯಿಯ ಹೆಗಲ ಮೇಲೆ ಅದರ ತಲೆ ಜೋತುಬಿದ್ದಿತ್ತು. ನೊಣ ಕೂತರೂ ಅಳಲಿಲ್ಲ. ಅವಳು ಸೆರಗು ಇಳಿಸಿ, ಬೇಲಿಯ ಮೇಲೆ ಬಗ್ಗಿ ಆ ಬಟ್ಟೆಯನ್ನು ಮೂಸಿದಳು. ನೀತಾ ಅವಳ ಮುಖವನ್ನೇ ನೋಡುತ್ತಾ ನಿಂತಳು. ಯಾವಾಗಲೂ ಕಾಣುವ ಆ ಸಿಂಡರಿಸುವಿಕೆ ಬರಲಿಲ್ಲ. ಬದಲಿಗೆ ಮುಖ ಬಿಳಿಚಿಕೊಂಡಿತು.

"ಇದು ಮೀನಲ್ಲ ನೀತಾ. ನಿಮ್ಮ ಅಂಗಳದ ಮೀನು ನಂಗೆ ತಿಳೀದೆ ಇರ್ತದೆಯೆ? ಇದು ಬೇರೆ. ಒಳಗೇ ಕೊಳೆತ ನಾತ ಇದು. ನಡಿ, ರಸ್ತೆಗೆ ನಡಿ, ಟೆಂಪೋ ಸಿಕ್ತದೆ."

ಉಟ್ಟ ಸೀರೆಯಲ್ಲೇ, ಬಾಗಿಲು ಕೂಡ ಹಾಕದೆ ಅವಳೂ ಹೊರಟಳು. ಕಾರವಾರದ ಟೆಂಪೋದಲ್ಲಿ ಜನ ಮುಖ ತಿರುಗಿಸಿ ಜರುಗಿ ಕೂತರು. ಮೂಗು ಮುಚ್ಚಿಕೊಳ್ಳಲು ದಮಯಂತಿಗೆ ಸೆರಗು ಇರಲಿಲ್ಲ. ಅದನ್ನು ಮಡಚಿ ಮಗುವಿನ ಅಡಿಗೆ ಹಾಸಿಕೊಂಡಿದ್ದಳು.

ಆಸ್ಪತ್ರೆಯಲ್ಲಿ ಮಗುವಿಗೆ ಕೊಳವೆ ಹಾಕಿ ಕರುಳಲ್ಲಿ ಕಟ್ಟಿಕೊಂಡಿದ್ದನ್ನು ಹೊರಗೆ ಬಿಟ್ಟರು, ರಕ್ತನಾಳಕ್ಕೆ ಮದ್ದು ಹನಿಸಿದರು. "ಸಂಜೆವರೆಗೆ ಕಾದಿದ್ದರೆ..." ಎಂದ ಡಾಕ್ಟರು ಇಬ್ಬರು ಹೆಂಗಸರ ಮುಖ ನೋಡಿ ಮಾತು ಮುಗಿಸಲಿಲ್ಲ. ನೀತಾ ಗೋಡೆಗೆ ಒರಗಿ ಕುಸಿದು ಕೂತು, ಅಷ್ಟು ಹೊತ್ತು ತಡೆದದ್ದನ್ನೆಲ್ಲ ಅತ್ತಳು.

ರೋಹಿತ ಮನೆಗೆ ಬಂದ ಮೇಲೂ ಮೀನು ಅದೇ ಅಂಗಳದಲ್ಲೇ ಒಣಗಿತು, ಇಲ್ಲದಿದ್ದರೆ ಆ ಮನೆ ನಡೆಯದು. ಈಗ ಬೆಳಿಗ್ಗೆ ಚಾಪೆ ಬಿಡಿಸುವ ಮೊದಲು ಮಾದೇವಿ ತಾನೇ ಮಗುವಿನ ಬಟ್ಟೆ ಹಿಡಿದು ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಾಳೆ. ಇಬ್ಬರಿಗೂ ಇನ್ನೂ ಸರಿಯಾಗಿ ಮಾತಿಲ್ಲ. ದಮಯಂತಿ ಬಂದು, ಸೆರಗು ಇಳಿಸಿ, ಬಗ್ಗಿ ಮೂಸುತ್ತಾಳೆ. ಮಾದೇವಿ ಉಸಿರು ಬಿಗಿಹಿಡಿದು ಕಾಯುತ್ತಾಳೆ.

"ಬರೇ ಮೀನಿನ ವಾಸ್ನೆ," ಎನ್ನುತ್ತಾಳೆ ದಮಯಂತಿ. "ಹರವಿ, ಒಣಗ್ಲಿ."