ಕೆಂಪಕ್ಷರದ ‘ವೆರಿ’

ಸಾವಿನ ಮನೆಯ ಸಂಗತಿಯನ್ನು ಕಥೆ ಮಾಡಿ ಹೇಳುವುದು ತಪ್ಪೇ, ಓದುವವರು ಕ್ಷಮಿಸಬೇಕು. ಮೊನ್ನೆ ಸೋಮವಾರ ಬಿಳಗಿ ಕಡೆಯ ಸುಬ್ಬಿ ಬಂದಾಗ, ತಾಲೂಕು ಕಚೇರಿಯೆದುರು ಮೇಜು ಹಾಕಿಕೊಂಡು ಅರ್ಜಿ ಬರೆಯುವ ಮಧುಕೇಶ್ವರ ಎಂದಿನಂತೆ ಕೇಳಿಬಿಟ್ಟ: “ಏನಕ್ಕಾ, ಹೊಳೆ ಸಂಕದ ಕೆಲಸ ಆತೇನ್ರಿ?”

“ಸಂಕ ಹೋತು ತಮಾ. ನಮ್ಮನೆಯವ್ರು ಡೇರಿಗೆ ಹಾಲು ತಗಂಡು ದಾಟ್ತಿದ್ರು. ಕ್ಯಾನು ಅವತ್ತೇ ಸಿಕ್ತು. ಅವ್ರು ಸಿಕ್ಕಿದ್ದು ಮೂರನೇ ದಿನ.”

ಮಧುಕೇಶ್ವರನ ಪೆನ್ನು ನಿಂತಿತು. ಹೊಳೆ ದಾಟುವ ಕಾಲುಸಂಕದ ಹಲಗೆ ಲಡ್ಡಾಗಿ ಮುರಿಯುವಂತಿದೆ ಎಂದು ಆರು ತಿಂಗಳ ಹಿಂದೆ ಅರ್ಜಿ ಬರೆದವನು ಅವನೇ. ಅದರ ನೆತ್ತಿಯ ಮೇಲೆ ಕೆಂಪು ಇಂಗ್ಲಿಷ್ ಅಕ್ಷರದಲ್ಲಿ ‘ವೆರಿ ಅರ್ಜೆಂಟ್’ ಎಂದು ಹಾಕಿ, “ವೆರಿ ಅಂದ್ರ ಬಹಳ. ಇನ್ನ ಚಿಂತಿ ಬಿಡ್ರಿ” ಎಂದವನೂ ಅವನೇ. ಸುಬ್ಬಿಯ ಗಂಡ ಹೊನ್ನ ಆ ಕೆಂಪನ್ನು ಬೆರಳಿಂದ ಮುಟ್ಟಿ ನೋಡಿ ನಕ್ಕಿದ್ದ.

ಮಧುಕೇಶ್ವರ ಸೀದಾ ಒಳಗೆ ಹೋದ. ಗುಮಾಸ್ತ ವಿನೋದ ಅರ್ಜಿಗಳ ಕಟ್ಟನ್ನೇ ತಂದು ಎದುರಿಗೆ ಹಾಕಿದ.

“ಹುಡುಕಿ ಮಾರಾಯ್ರೆ. ಎಲ್ಲ ನಿಮ್ದೇ ಕೈಬರಹ.”

ಮೀಟರಿನ ಹೆಸರು ಬದಲಾವಣೆ, ವೆರಿ ಅರ್ಜೆಂಟ್. ದಾರಿದೀಪ, ವೆರಿ ಅರ್ಜೆಂಟ್. ಪಕ್ಕದ ಮನೆಯವರ ಮಾವಿನ ಕೊಂಬೆ, ವೆರಿ ವೆರಿ ಅರ್ಜೆಂಟ್. ಕೇಳಿದವರಿಗೆ ಇಲ್ಲವೆನ್ನಲಾರದೆ ಎಲ್ಲರಿಗೂ ಹಾಕಿಕೊಟ್ಟಿದ್ದ. ನಿಜವಾಗಿ ಬಹಳ ಇದ್ದಾಗಷ್ಟೇ ವೆರಿ ಹಾಕಬೇಕೆಂದು ತಾನು ಇಂಗ್ಲಿಷ್ ಕಲಿತ ಸಂಜೆ ಶಾಲೆಯ ಮೇಷ್ಟ್ರು ಹೇಳಿದ್ದು ಈಗ ನೆನಪಾಯಿತು. ಸಂಕದ ಅರ್ಜಿ ಮಾವಿನ ಕೊಂಬೆಯ ಅಡಿಯಲ್ಲಿತ್ತು.

“ಎಲ್ಲದೂ ವೆರಿ ಆದ್ರೆ, ಯಾವ್ದು ಮೊದ್ಲು ಅಂತ ನಾ ಹ್ಯಾಂಗೆ ತಿಳ್ಕಳ್ಳೂದು?” ವಿನೋದನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಹೊರಗೆ ಸುಬ್ಬಿ ಕಾಯುತ್ತಿದ್ದಳು. “ಹೊಳೆ ಆಚೆ ಇನ್ನೂ ನಾಕು ಮನೆ ಅದೆ. ಅವ್ರು ದಾಟ್ಬೇಕಲ ತಮಾ. ಹೋದ್ಸಲ ನೀ ಒಂದು ವೆರಿ ಹಾಕಿದ್ದೆ. ಈ ಸಲ ಎರಡು ಹಾಕು.”

ಮಧುಕೇಶ್ವರ ಹೊಸ ಅರ್ಜಿ ಬರೆದು ಮುಗಿಸಿ ಕೆಂಪು ಪೆನ್ನು ತೆಗೆದ. ವೆರಿ ಬರೆಯಲು ಕೈ ಬರಲಿಲ್ಲ. ಆ ಜಾಗದಲ್ಲಿ ಕನ್ನಡದಲ್ಲೇ ಬರೆದ: ‘ಹೊನ್ನ ಸತ್ತಿದ್ದಾನೆ.’

ತನ್ನ ಅರ್ಜಿ ಬರೆಸಲು ಸುಬ್ಬಿಯ ಹಿಂದೆ ನಿಂತಿದ್ದ ಚನ್ನಬಸವನಿಗೆ ಓದು ಬಾರದು. ಕೆಂಪು ಕಂಡು ಬಗ್ಗಿದ. “ನಂದಕ್ಕೂ ಅದನ್ನ ಬರೀರಿ” ಎಂದ.

ಸುಬ್ಬಿಯ ಅರ್ಜಿ ಈಗ ಆ ಕಟ್ಟಿನಲ್ಲಿ ಎಷ್ಟನೆಯದೋ, ಗೊತ್ತಿಲ್ಲ.