ಸ್ಲೈಡ್ ಎಳೆದಾಗ ಬಂದ ದನಿ

ಭಾನುವಾರದ ರೂಢಿಯಂತೆ ಧಾರವಾಡದ ಹಳೇ ಪಿಸ್ತೂಲುಗಳ ಹುಚ್ಚರೆಲ್ಲ ವಿರೂಪಾಕ್ಷಪ್ಪನವರ ಪಡಸಾಲೆಯಲ್ಲಿ ಸೇರಿದ್ದರು. ಪಿಸ್ತೂಲಿನ ನಳಿಗೆಯ ಮೇಲೆ ಜಾರುವ ಉಕ್ಕಿನ ಹೊದಿಕೆ, ಅಂದರೆ ಸ್ಲೈಡ್, ಹಿಂದಕ್ಕೆ ಎಳೆದರೆ, ಅದರ ಗುಂಡಿಗೆ ಬಲಿಯಾದವರ ಕಡೆಯ ಮಾತು ಕೇಳಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮಾತೇನೆಂದು ಯಾರೂ ಗಮನಿಸುತ್ತಿರಲಿಲ್ಲ. ಸ್ಲೈಡ್ ಸವೆದಿದ್ದರೆ ದನಿ ಒಡೆಯುತ್ತದೆ, ಅಷ್ಟನ್ನೇ ನೋಡುತ್ತಿದ್ದರು.

ವಿರೂಪಾಕ್ಷಪ್ಪನವರ ಪಿಸ್ತೂಲು "ಅವ್ವಾ" ಎಂದು ಗೊರಗೊರ ಅಂದಿತು.

"ನಿಮ್ಮದು ಹಗುರ ಸ್ಲೈಡ್ ರೀ, ಸವದೈತಿ. ನಮ್ಮಪ್ಪ ಪೊಲೀಸ್ ಫೌಜದಾರ ಇದ್ದಾಗಿಂದು ಇದು, ಗಟ್ಟಿ ಉಕ್ಕು," ಎನ್ನುತ್ತ ಗೆಳೆಯ ನೀಲಕಂಠ ತನ್ನದನ್ನು ಎಳೆದ. ಪಿಸ್ತೂಲಿನಿಂದ ದನಿ ಬಂತು:

"ಸಾಹೇಬ್ರ, ನಮ್ಮ ಚುರಮುರಿಗೆ ಮಾತ್ರ ಹೇಳಬ್ಯಾಡ್ರಿ. ಮುಂಬೈಗೆ ಹೋಗ್ಯಾನ ಅನ್ರಿ."

ವಿರೂಪಾಕ್ಷಪ್ಪ ಚಹಾದ ಬಸಿ ಕೆಳಗಿಟ್ಟು ಪಿಸ್ತೂಲಿನತ್ತ ಬಾಗಿದರು. ಅವರನ್ನು ಚುರಮುರಿ ಎಂದು ಕರೆಯುತ್ತಿದ್ದವನು ಲೋಕದಲ್ಲಿ ಅಣ್ಣನೊಬ್ಬನೇ. ಅಣ್ಣ ಮುಂಬೈಗೆ ಹೋದನೆಂದು ನೀಲಕಂಠನ ಅಪ್ಪ, ಆ ಫೌಜದಾರರೇ, ಮನೆತನಕ ಬಂದು ಹೇಳಿದ್ದರು. ಅಂದಿನಿಂದ ಇವರು ದಾರಿ ಕಾಯುತ್ತಲೇ ಇದ್ದರು.

"ಕೇಳಿದ್ರೇನು? ಒಂದಕ್ಷರ ಒಡದಿಲ್ಲ! ಬಾಳಿಕೆ ಅಂದ್ರ ಇದು," ಎಂದು ನೀಲಕಂಠ ಬೀಗಿದ. ಎಲ್ಲರೂ ತಲೆದೂಗಿದರು.

"ಇನ್ನೊಮ್ಮೆ ಎಳಿಯೋ ನೀಲಕಂಠಾ," ಎಂದರು ವಿರೂಪಾಕ್ಷಪ್ಪ. "ಅದು ನಮ್ಮಣ್ಣ."