ಬರೀ ಟಿ.ಬಿ.

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ತಿಪ್ಪೇಸ್ವಾಮಿಯ ಕೆಮ್ಮು ಕೇಳಿದರೂ ನನ್ನ ಹೊಟ್ಟೆ ಉರಿಯುತ್ತಿತ್ತು. ಅವನ ಹೆಂಡತಿ ಬೆನ್ನು ನೀವುತ್ತಾ, ನೋಡಲು ಬಂದವರಿಗೆಲ್ಲ ಇಡೀ ವಾರ್ಡಿಗೇ ಕೇಳುವಂತೆ ಹೇಳುತ್ತಿದ್ದಳು: "ಬರೀ ಟಿ.ಬಿ. ಕಣ್ರೀ. ಮಾತ್ರೆ ನುಂಗಿದ್ರೆ ವಾಸಿಯಾಗ್ತದೆ."

ಹೆಸರು ಹಿಡಿದು ಕೂಗಬಹುದಾದ ಕಾಯಿಲೆ! ನನ್ನದೂ ಶ್ವಾಸಕೋಶದ ರೋಗವೇ, ನ್ಯುಮೋನಿಯಾ. ಆದರೆ ಅದರ ಹಿಂದೆ ಎಚ್‌ಐವಿ ಇರುವುದು ಡಾಕ್ಟರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮನೆಯವರಿಗೂ ಬರಬೇಡಿ ಎಂದಿದ್ದೆ. ಲೇಬಲ್ ಕೆರೆದು ತೆಗೆದ ಡಬ್ಬಿಯನ್ನು ದಿಂಬಿನಡಿ ಬಚ್ಚಿಟ್ಟು, ಹೊದಿಕೆಯೊಳಗೇ ಮಾತ್ರೆ ನುಂಗುತ್ತಿದ್ದೆ.

ಅವನು ಬಿಡುಗಡೆಯಾದ ದಿನ ತಡೆಯಲಾಗಲಿಲ್ಲ.

"ಪುಣ್ಯವಂತ ಕಣಯ್ಯ ನೀನು. ಟಿ.ಬಿ. ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡಬಹುದು."

ಅವನು ನಕ್ಕು, ಕೆಮ್ಮಿ, ಚೀಲ ಎತ್ತಿಕೊಂಡು ನಡೆದ. ಹೆಂಡತಿ ಮಾತ್ರ ಹಿಂದೆ ಉಳಿದು, ನನ್ನ ದಿಂಬಿನ ಪಕ್ಕ ಒಂದು ಹತ್ತಿಯುಂಡೆ ಇಟ್ಟಳು. ಮೊದಲ ಬಾರಿಗೆ ಅವಳ ದನಿ ತಗ್ಗಿತ್ತು.

"ನಿಮ್ಮ ಡಬ್ಬಿ ಗಲಗಲ ಅಂತದೆ ಅಣ್ಣ. ಮಾತ್ರೆ ಮೇಲೆ ಇದನ್ನ ತುರುಕಿ, ಸದ್ದು ಬರಲ್ಲ. ನಮ್ಮಿಬ್ಬರ ಡಬ್ಬಿಗೂ ಹಂಗೇ ಮಾಡಿದೀನಿ."